ಹೊತ್ತದ ಒಲೆಯ ಇನ್ನೂರು ವರ್ಷ

ಅಮೆರಿಕಕ್ಕೆ ಬಂದ ಕನ್ನಡಿಗರ ಮನೆಗಳಲ್ಲಿ ಓವನ್ ಎನ್ನುವುದು ಮೊದಲ ಕೆಲವು ವರ್ಷ ಒಲೆಯಲ್ಲ, ಕಪಾಟು. ಬಾಣಲೆ, ದೋಸೆ ಕಾವಲಿ, ಇಡ್ಲಿ ತಟ್ಟೆಗಳು, ಊರಿನಿಂದ ಹೊತ್ತು ತಂದ ಕುಕ್ಕರು ಎಲ್ಲವೂ ಅದರ ಹೊಟ್ಟೆಯೊಳಗೆ. ಮಕ್ಕಳು ಶಾಲೆಗೆ ಹೋಗತೊಡಗಿ ಕೇಕು, ಪಿಜ್ಜಾ ಎಂದು ಹಟ ಮಾಡಿದಾಗ ಪಾತ್ರೆಗಳು ಹೊರಬರುತ್ತವೆ, ಓವನ್ ಓವನ್ ಆಗುತ್ತದೆ. ಅದು ಗ್ಯಾಸಿನದಾಗಿದ್ದರೆ ಕೆಲವು ವರ್ಷಗಳಲ್ಲಿ ಒಂದು ತಕರಾರು ಬಹುಮಟ್ಟಿಗೆ ಖಚಿತ. ಬೇಕಾದ ಶಾಖ ಒತ್ತಿ ಇಪ್ಪತ್ತು ನಿಮಿಷವಾದರೂ ಒಳಗೆ ತಣ್ಣಗಿರುತ್ತದೆ. ಬಗ್ಗಿ ನೋಡಿದರೆ ತಳದಲ್ಲಿ ಏನೋ ಕೆಂಪಗೆ ಬೆಳಗುತ್ತಿರುತ್ತದೆ, ಬೆಂಕಿ ಮಾತ್ರ ಇಲ್ಲ. ಇಲ್ಲವೇ ತಡವಾಗಿ ‘ಧಪ್’ ಎಂದು ಹೊತ್ತಿಕೊಂಡು ಮನೆಯವರನ್ನೆಲ್ಲ ಬೆಚ್ಚಿಬೀಳಿಸುತ್ತದೆ.

ಮೇಲಿನ ನಾಲ್ಕು ಬರ್ನರುಗಳು ಹಾಯಾಗಿ ಉರಿಯುತ್ತಿರುವಾಗ, ಅದೇ ಕೊಳವೆಯ ಗ್ಯಾಸ್ ಬಳಸುವ ಓವನ್ ಮಾತ್ರ ಏಕೆ ಹೀಗೆ ಸತಾಯಿಸುತ್ತದೆ? ನಾನು ನ್ಯೂಜೆರ್ಸಿಯಲ್ಲಿ ಹಲವು ಬಾಡಿಗೆ ಮನೆಗಳನ್ನೂ ಒಂದು ಸ್ವಂತ ಮನೆಯನ್ನೂ ಕಂಡಿದ್ದೇನೆ. ಈ ಪ್ರಶ್ನೆ ಎಲ್ಲ ಕಡೆಯೂ ನನ್ನನ್ನು ಹಿಂಬಾಲಿಸಿದೆ. ಉತ್ತರ ಹುಡುಕುತ್ತ ಹೋದಾಗ ಅದು ಒಂದು ಬಿಡಿಭಾಗದಲ್ಲಿ ನಿಲ್ಲಲಿಲ್ಲ, ಸುಮಾರು ಇನ್ನೂರು ವರ್ಷ ಹಿಂದಕ್ಕೆ ಕರೆದೊಯ್ದಿತು. ಒಲೆ ಹೊತ್ತದೆ ಇರುವುದು ಎಷ್ಟೋ ಸಲ ಕೆಟ್ಟುಹೋದದ್ದರ ಲಕ್ಷಣವಷ್ಟೇ ಅಲ್ಲ. ಹೊತ್ತಬಾರದಾಗ ಹೊತ್ತದೆ ಇರುವುದನ್ನು ನಾವು ಅದಕ್ಕೆ ಬಹಳ ಕಷ್ಟಪಟ್ಟು ಕಲಿಸಿದ್ದೇವೆ.

ಕಡ್ಡಿ ಗೀರುವ ಕಾಲ

ಕಲ್ಲಿದ್ದಲಿನಿಂದ ತೆಗೆದ ಅನಿಲ ಮೊದಲು ಬಂದದ್ದು ದೀಪವಾಗಿ, ಒಲೆಯಾಗಿ ಅಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ರೆಡ್‌ರುತ್ ಊರಿನಲ್ಲಿ ವಿಲಿಯಂ ಮರ್ಡಾಕ್ 1792ರಲ್ಲಿ ತನ್ನ ಮನೆಯನ್ನು ಕಲ್ಲಿದ್ದಲ ಅನಿಲದಿಂದ ಬೆಳಗಿಸಿದ. 1812ರಲ್ಲಿ ಲಂಡನ್ನಿನಲ್ಲಿ ಗ್ಯಾಸ್ ಲೈಟ್ ಅಂಡ್ ಕೋಕ್ ಕಂಪನಿ ರಾಜಸನದು ಪಡೆಯಿತು. 1816ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಚಿತ್ರಕಾರ ರೆಂಬ್ರಾಂಟ್ ಪೀಲ್ ತನ್ನ ವಸ್ತುಸಂಗ್ರಹಾಲಯದಲ್ಲಿ ಅನಿಲ ದೀಪ ಉರಿಸಿ ಜನರನ್ನು ಬೆರಗುಗೊಳಿಸಿದ. ಆ ದೇಶದ ಮೊದಲ ಅನಿಲ ಕಂಪನಿ ಹುಟ್ಟಿದ್ದೂ ಅಲ್ಲಿಯೇ.

ಅಡುಗೆಗೆ ಇದನ್ನು ತಂದವರಲ್ಲಿ ಮೊದಲಿಗನಾಗಿ ಹೆಸರು ಪಡೆದವನು ಇಂಗ್ಲೆಂಡಿನ ನಾರ್ತಾಂಪ್ಟನ್ ಅನಿಲ ಕಾರ್ಖಾನೆಯ ಜೇಮ್ಸ್ ಶಾರ್ಪ್. ಅವನ ಅನಿಲ ಒಲೆಯ ಪೇಟೆಂಟ್ 1826ರದು. ಅದರ ಮರುವರ್ಷ, 1827ರಲ್ಲಿ, ಸ್ಟಾಕ್ಟನ್ ಊರಿನ ಔಷಧಿ ಅಂಗಡಿಯ ಜಾನ್ ವಾಕರ್ ಗೀರಿದರೆ ಹೊತ್ತುವ ಬೆಂಕಿಕಡ್ಡಿಗಳನ್ನು ಮಾರಲು ಆರಂಭಿಸಿದ. ಗ್ಯಾಸಿನ ಒಲೆಯೂ ಬೆಂಕಿಕಡ್ಡಿಯೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಹುಟ್ಟಿದ ಮಕ್ಕಳು. ಮುಂದಿನ ನೂರು ವರ್ಷ ಅವೆರಡೂ ಜೊತೆಯಾಗಿಯೇ ಬಾಳಿದವು.

ಆದರೂ ಅನಿಲದ ಒಲೆ ಬೇಗ ಮನೆಮಾತಾಗಲಿಲ್ಲ. ಕಂಪನಿಗಳಿಗೆ ದೀಪದಲ್ಲೇ ಲಾಭವಿತ್ತು. 1879ರಲ್ಲಿ ಎಡಿಸನ್ನನ ವಿದ್ಯುತ್ ಬಲ್ಬು ಬಂದು ಆ ಲಾಭಕ್ಕೆ ಕುತ್ತು ತಂದಾಗ, ಬೀದಿಬೀದಿಗೆ ಕೊಳವೆ ಹಾಕಿಕೊಂಡು ಕುಳಿತಿದ್ದ ಕಂಪನಿಗಳು ಆ ಅನಿಲಕ್ಕೆ ಬೇರೆ ಕೆಲಸ ಹುಡುಕಲೇಬೇಕಾಯಿತು. ಅಡುಗೆಮನೆಗೆ ಗ್ಯಾಸ್ ನುಗ್ಗಿದ್ದು ಆಗ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಒಲೆಯ ಮೇಲ್ಭಾಗ ಬಯಲು. ತಿರುಪು ತಿರುಗಿಸಿ ಕಡ್ಡಿ ಗೀರುವುದು ಎರಡು ಕ್ಷಣ ತಡವಾದರೆ ಒಂದಿಷ್ಟು ಗ್ಯಾಸ್ ಗಾಳಿಯಲ್ಲಿ ಚದುರಿಹೋಗುತ್ತದೆ, ಅಷ್ಟೆ. ಓವನ್ ಹಾಗಲ್ಲ, ಅದೊಂದು ಡಬ್ಬಿ. ಒಳಗೆ ಬಂದ ಗ್ಯಾಸ್ ಅಲ್ಲೇ ತುಂಬಿಕೊಳ್ಳುತ್ತದೆ. ನೈಸರ್ಗಿಕ ಅನಿಲ ಗಾಳಿಯಲ್ಲಿ ಶೇಕಡಾ 5ಕ್ಕಿಂತ ಕಡಿಮೆ ಇದ್ದರೆ ಹೊತ್ತುವುದಿಲ್ಲ. ಶೇಕಡಾ 15ಕ್ಕಿಂತ ಹೆಚ್ಚಿದ್ದರೂ ಹೊತ್ತುವುದಿಲ್ಲ. ಈ ಎರಡರ ನಡುವೆ ಇದ್ದಾಗ ಬೆಂಕಿ ತಗುಲಿದರೆ ಇಡೀ ಡಬ್ಬಿ ಒಮ್ಮೆಲೇ ಹೊತ್ತುತ್ತದೆ. ಕಡ್ಡಿ ಹಿಡಿದು ಓವನ್ ಬಾಗಿಲ ಮುಂದೆ ಬಗ್ಗಿದವರ ಹುಬ್ಬು, ಮುಂಗೂದಲು ಸುಟ್ಟುಕೊಳ್ಳುತ್ತಿದ್ದುದು ಇದೇ ಕಾರಣಕ್ಕೆ. ಓವನ್ನಿನ ಇತಿಹಾಸವೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಗ್ಯಾಸ್ ಬಂದು, ಬೆಂಕಿ ಬಾರದಿದ್ದರೆ ಏನು ಮಾಡುವುದು?

ಬೂದಿಯೊಳಗಿನ ಕೆಂಡ

ಮೊದಲ ಉತ್ತರ ಬಹಳ ಹಳೆಯದು, ನಮ್ಮ ಅಜ್ಜಿಯಂದಿರಿಗೆ ಗೊತ್ತಿದ್ದದ್ದು. ಮಲೆನಾಡಿನ ನಮ್ಮ ಮನೆಯಲ್ಲಿ ರಾತ್ರಿ ಅಡುಗೆ ಮುಗಿದ ಮೇಲೆ ಅಜ್ಜಿ ಒಲೆಯನ್ನು ಪೂರ್ತಿ ಆರಿಸುತ್ತಿರಲಿಲ್ಲ. ಎರಡು ದಪ್ಪ ಕೆಂಡಗಳನ್ನು ಬೂದಿಯಲ್ಲಿ ಮುಚ್ಚಿಡುತ್ತಿದ್ದಳು. ಬೆಳಿಗ್ಗೆ ಬೂದಿ ಸರಿಸಿ, ಒಣ ತೆಂಗಿನ ನಾರು ಇಟ್ಟು ಊದುಗೊಳವೆಯಿಂದ ಊದಿದರೆ ಬೆಂಕಿ ಸಿದ್ಧ. ಯಾರ ಮನೆಯ ಕೆಂಡವಾದರೂ ಆರಿಹೋದರೆ ಪಕ್ಕದ ಮನೆಯಿಂದ ಕರಟದಲ್ಲಿ ಕೆಂಡ ತರುತ್ತಿದ್ದರು.

ಅಮೆರಿಕದ ಒಲೆ ತಯಾರಕರು ಮಾಡಿದ್ದೂ ಇದನ್ನೇ. ಗ್ಯಾಸಿನ ಒಂದು ಸಣ್ಣ ಬತ್ತಿಯನ್ನು ಹಗಲೂ ರಾತ್ರಿ ಉರಿಯಲು ಬಿಟ್ಟರು. ಅದಕ್ಕೆ ಪೈಲಟ್ ಎಂದು ಹೆಸರು. ತಿರುಪು ತಿರುಗಿಸಿದೊಡನೆ ಬರುವ ಗ್ಯಾಸ್ ಈ ಬತ್ತಿಗೆ ತಾಗಿ ಹೊತ್ತಿಕೊಳ್ಳುತ್ತದೆ. ಕಡ್ಡಿ ಬೇಡ, ಬಗ್ಗುವುದು ಬೇಡ. 1915ರಲ್ಲಿ ಅಮೆರಿಕನ್ ಸ್ಟೋವ್ ಕಂಪನಿ ‘ಲೊರೇನ್’ ಎಂಬ ಶಾಖ ನಿಯಂತ್ರಕವನ್ನು ತಂದಿತು. ಓವನ್ನಿನ ಕಾವನ್ನು ಕೈಯಿಟ್ಟು ಅಂದಾಜು ಮಾಡುವ ಕಾಲ ಅಲ್ಲಿಗೆ ಮುಗಿಯುತ್ತ ಬಂತು. ಮುಂದೆ ಬೆಂಕಿಯನ್ನು ತಾನೇ ಆರಿಸಿ ತಾನೇ ಹೊತ್ತಿಸುವ ನಿಯಂತ್ರಕಗಳು ಬಂದಾಗ ಸದಾ ಉರಿಯುವ ಪೈಲಟ್ ಸೌಕರ್ಯವಷ್ಟೇ ಆಗಿ ಉಳಿಯದೆ ಅಗತ್ಯವಾಯಿತು.

ಆದರೆ ಅಜ್ಜಿಯ ಕೆಂಡ ಆರಿದರೆ ಚಹಾ ತಡವಾಗುತ್ತಿತ್ತು. ಪೈಲಟ್ ಆರಿದರೆ ಮನೆಯೊಳಗೆ ಗ್ಯಾಸ್ ತುಂಬುತ್ತದೆ. ಹಾಗಾಗಿ ಬತ್ತಿಗೊಬ್ಬ ಕಾವಲುಗಾರ ಬೇಕಾದ. ಇದಕ್ಕೆ ನೆರವಾದದ್ದು 1821ರಲ್ಲಿ ಬರ್ಲಿನ್ನಿನಲ್ಲಿ ಥಾಮಸ್ ಸೀಬೆಕ್ ಗಮನಿಸಿದ ಒಂದು ಗುಣ: ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದು, ಆ ಬೆಸುಗೆಯನ್ನು ಕಾಯಿಸಿದರೆ ಅತ್ಯಲ್ಪ ವಿದ್ಯುತ್ ಹುಟ್ಟುತ್ತದೆ. ಇದೇ ಥರ್ಮೋಕಪಲ್. ಪೈಲಟ್ಟಿನ ಜ್ವಾಲೆಯಲ್ಲಿ ಇದರ ತುದಿ ಕಾಯುತ್ತಿರುವವರೆಗೆ ಸುಮಾರು 30 ಮಿಲಿವೋಲ್ಟ್, ಎಂದರೆ ಗೋಡೆ ಗಡಿಯಾರದ ಒಂದು ಸೆಲ್ಲಿನ ಐವತ್ತನೆಯ ಒಂದು ಭಾಗ, ವಿದ್ಯುತ್ ಹರಿದು ಒಂದು ಪುಟ್ಟ ಅಯಸ್ಕಾಂತ ಗ್ಯಾಸಿನ ಕವಾಟವನ್ನು ತೆರೆದು ಹಿಡಿಯುತ್ತದೆ. ಜ್ವಾಲೆ ಆರಿತೋ, ತುದಿ ತಣ್ಣಗಾಗುತ್ತದೆ, ಅಯಸ್ಕಾಂತ ಕೈಬಿಡುತ್ತದೆ, ಸ್ಪ್ರಿಂಗು ಕವಾಟವನ್ನು ಮುಚ್ಚುತ್ತದೆ. ಅಮೆರಿಕದ ಎಷ್ಟೋ ಓವನ್ನುಗಳಲ್ಲಿ ವಿದ್ಯುತ್ತಿನ ಬದಲು ಕಾದಾಗ ಹಿಗ್ಗುವ ದ್ರವ ತುಂಬಿದ ಸಪೂರ ನಳಿಕೆ ಈ ಕೆಲಸ ಮಾಡುತ್ತಿತ್ತು. ತತ್ವ ಒಂದೇ. ಬೆಂಕಿ ಇದೆ ಎಂದು ರುಜುವಾತಾಗುವವರೆಗೆ ಗ್ಯಾಸ್ ಬಿಡಬೇಡ. ಒಲೆ ‘ಇಲ್ಲ’ ಎನ್ನಲು ಕಲಿತದ್ದು ಇಲ್ಲಿ.

ವಾಸನೆಯಿಲ್ಲದ ಅನಿಲ

ಇಷ್ಟರಲ್ಲಿ ಅನಿಲವೇ ಬದಲಾಗುತ್ತಿತ್ತು. ಕಲ್ಲಿದ್ದಲ ಅನಿಲ ವಿಷ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇತ್ತು. ಆದರೆ ಅದಕ್ಕೆ ತನ್ನದೇ ಕೆಟ್ಟ ವಾಸನೆಯಿತ್ತು, ಸೋರಿದರೆ ಮೂಗಿಗೆ ತಿಳಿಯುತ್ತಿತ್ತು. ನೆಲದಾಳದಿಂದ ಬರುವ ನೈಸರ್ಗಿಕ ಅನಿಲಕ್ಕೆ ಸಾಮಾನ್ಯವಾಗಿ ವಾಸನೆಯೇ ಇಲ್ಲ.

ಇದರ ಬೆಲೆ ತೆತ್ತದ್ದು ಟೆಕ್ಸಾಸಿನ ನ್ಯೂ ಲಂಡನ್ ಎಂಬ ಎಣ್ಣೆಬಾವಿಗಳ ಊರು. 1937ರ ಮಾರ್ಚ್ 18ರ ಮಧ್ಯಾಹ್ನ, ಶಾಲೆ ಬಿಡುವ ಹೊತ್ತಿಗೆ ಸ್ವಲ್ಪ ಮುಂಚೆ, ಕಟ್ಟಡದ ತಳದ ಖಾಲಿ ಜಾಗದಲ್ಲಿ ಸೋರಿ ತುಂಬಿದ್ದ ಗ್ಯಾಸಿಗೆ ಕಿಡಿ ತಗುಲಿ ಇಡೀ ಶಾಲೆ ಕುಸಿಯಿತು. ಸುಮಾರು 300 ಜನ ಸತ್ತರು, ಬಹುಪಾಲು ಮಕ್ಕಳು. ಶಾಲೆಯವರು ಬಳಸುತ್ತಿದ್ದುದು ಎಣ್ಣೆಬಾವಿಯ ಕೊಳವೆಯಿಂದ ಬರುವ ಹಸಿ ಅನಿಲ. ಅದು ಸೋರುತ್ತಿರುವುದು ಯಾರ ಮೂಗಿಗೂ ತಿಳಿದಿರಲಿಲ್ಲ. ಆ ವರ್ಷವೇ ಟೆಕ್ಸಾಸ್ ಅನಿಲಕ್ಕೆ ವಾಸನೆ ಬೆರೆಸುವುದನ್ನು ಕಾನೂನು ಮಾಡಿತು, ಉಳಿದ ಕಡೆಗಳಿಗೂ ಅದು ಹಬ್ಬಿತು. ಇಂದು ಕೊಳೆತ ಮೊಟ್ಟೆಯಂತೆ ನಾರುವುದು ಗ್ಯಾಸಲ್ಲ, ಅದಕ್ಕೆ ಬೆರೆಸಿದ ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತ. ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಪ್ರಮಾಣದ ಐದನೆಯ ಒಂದು ಭಾಗವಿದ್ದಾಗಲೇ ಮೂಗಿಗೆ ತಿಳಿಯಬೇಕು ಎನ್ನುವುದು ಅಮೆರಿಕದ ನಿಯಮ. ಕರ್ನಾಟಕದ ಮನೆಗಳಲ್ಲಿರುವ ಸಿಲಿಂಡರಿನ ಗ್ಯಾಸಿಗೂ ಇಂಥದೇ ವಾಸನೆ ಬೆರೆಸಿರುತ್ತಾರೆ. ಸಿಲಿಂಡರು ತೆರೆದಾಗ ‘ಗ್ಯಾಸ್ ವಾಸನೆ’ ಎಂದು ನಾವು ಮೂಗು ಮುಚ್ಚಿಕೊಳ್ಳುವುದರ ಹಿಂದೆ ಆ ಮಕ್ಕಳಿದ್ದಾರೆ.

ನೈಸರ್ಗಿಕ ಅನಿಲ ನನ್ನ ಈಗಿನ ರಾಜ್ಯಕ್ಕೆ ದಂಡಿಯಾಗಿ ಬಂದದ್ದು ಎರಡನೆಯ ಮಹಾಯುದ್ಧದ ನಂತರ. ಜರ್ಮನಿಯ ಜಲಾಂತರ್ಗಾಮಿಗಳು ಎಣ್ಣೆ ಹಡಗುಗಳನ್ನು ಮುಳುಗಿಸುತ್ತಿದ್ದಾಗ ಟೆಕ್ಸಾಸಿನಿಂದ ಪೂರ್ವ ಕರಾವಳಿಗೆ ಎಣ್ಣೆ ಸಾಗಿಸಲು ‘ಬಿಗ್ ಇಂಚ್’, ‘ಲಿಟಲ್ ಬಿಗ್ ಇಂಚ್’ ಎಂಬ ಎರಡು ಕೊಳವೆಮಾರ್ಗ ಹಾಕಿದ್ದರು. ಯುದ್ಧ ಮುಗಿದ ಮೇಲೆ 1947ರಲ್ಲಿ ಅವನ್ನು ಮಾರಿದರು. ಕೊಂಡವರು ಅದರಲ್ಲಿ ಗ್ಯಾಸ್ ಹರಿಸಿದರು. ಯುದ್ಧಕ್ಕಾಗಿ ಹಾಕಿದ ಕೊಳವೆ ಅಡುಗೆಮನೆಗೆ ತಲುಪಿತು.

ಪೈಲಟ್ ಆರಿದ್ದು

ತೊಂಬತ್ತರ ದಶಕದಲ್ಲಿ ನಾನು ಬಂದಿಳಿದ ಬಾಡಿಗೆ ಮನೆಯ ಒಲೆ ಹಳೆಯದು, ಪೈಲಟ್ಟಿನದು. ಒಲೆಯ ಮೇಲೆ ಕೈಯಿಟ್ಟರೆ ಯಾವಾಗಲೂ ಬೆಚ್ಚಗೆ. ನ್ಯೂಜೆರ್ಸಿಯ ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಉಬ್ಬುವುದಿಲ್ಲ, ಮೊಸರು ಹೆಪ್ಪುಗಟ್ಟುವುದಿಲ್ಲ ಎಂದು ಗೋಳಾಡುವ ಹೊಸಬರಿಗೆ ಹಳೆ ಕನ್ನಡಿಗರು ಹೇಳಿಕೊಡುತ್ತಿದ್ದ ಗುಟ್ಟು ಒಂದೇ: ಪಾತ್ರೆಯನ್ನು ರಾತ್ರಿ ಓವನ್ನಿನೊಳಗೆ ಇಡಿ, ಪೈಲಟ್ಟಿನ ಕಾವು ಸಾಕು. ಬೆಳಿಗ್ಗೆ ಹಿಟ್ಟು ಪಾತ್ರೆಯಂಚು ಮೀರಿ ಬಂದಿರುತ್ತಿತ್ತು. ಅಮೆರಿಕದ ಒಲೆ ತಯಾರಕರು ಕನಸಿನಲ್ಲೂ ನೆನೆಯದ ಉಪಯೋಗ ಇದು. ಒಂದು ತಲೆಮಾರಿನ ಅನಿವಾಸಿ ಕನ್ನಡಿಗರ ಭಾನುವಾರದ ಇಡ್ಲಿಗಳು ಆ ನೀಲಿ ಬತ್ತಿಯ ಋಣದಲ್ಲಿವೆ.

ನಾವು ಅದನ್ನು ಹೊಗಳುತ್ತಿದ್ದ ಹೊತ್ತಿಗೆ ಅದರ ಕಾಲ ಮುಗಿಯುತ್ತ ಬಂದಿತ್ತು. ಲೆಕ್ಕ ಸರಳ. ದಿನಕ್ಕೆ ಅರ್ಧ ಗಂಟೆ ಓವನ್ ಬಳಸುವ ಮನೆಯಲ್ಲಿ ವರ್ಷಕ್ಕೆ ಸುಮಾರು 180 ಗಂಟೆ ನಿಜವಾದ ಕೆಲಸ. ಪೈಲಟ್ ಉರಿಯುವುದು ವರ್ಷದ 8,760 ಗಂಟೆಯೂ. ಗ್ಯಾಸ್ ಅಗ್ಗವಾಗಿದ್ದಾಗ ಇದು ಯಾರ ಕಣ್ಣಿಗೂ ಬೀಳಲಿಲ್ಲ. 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು. 1976-77ರ ಕಡುಚಳಿಯಲ್ಲಿ ಗ್ಯಾಸ್ ಸಾಲದೆ ಶಾಲೆಗಳು, ಕಾರ್ಖಾನೆಗಳು ಮುಚ್ಚಿದವು. 1977ರ ಫೆಬ್ರವರಿ 2ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸ್ವೆಟರು ತೊಟ್ಟು, ಅಗ್ಗಿಷ್ಟಿಕೆಯ ಪಕ್ಕ ಕುಳಿತು, ಮನೆಗಳ ಶಾಖವನ್ನು ಹಗಲು 65, ರಾತ್ರಿ 55 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಸಿ ಎಂದು ದೇಶವನ್ನು ಕೇಳಿಕೊಂಡರು. ಯಾರೂ ಅಡುಗೆ ಮಾಡದ ಹೊತ್ತಿನಲ್ಲಿ ಉರಿಯುವ ಲಕ್ಷಾಂತರ ಬತ್ತಿಗಳು ಆಗ ದುಂದಿನ ಗುರುತಾದವು. ಕ್ಯಾಲಿಫೋರ್ನಿಯಾ ಆ ದಶಕದಲ್ಲೇ ಅವುಗಳ ವಿರುದ್ಧ ಕಾನೂನು ತಂದಿತು. 1987ರ ರಾಷ್ಟ್ರೀಯ ಕಾನೂನಿನ ಪ್ರಕಾರ 1990ರ ಜನವರಿಯಿಂದ ವಿದ್ಯುತ್ ತಂತಿಯಿರುವ ಹೊಸ ಗ್ಯಾಸ್ ಒಲೆಗಳಲ್ಲಿ ಸದಾ ಉರಿಯುವ ಪೈಲಟ್ ಇರುವಂತಿಲ್ಲ. ವಿದ್ಯುತ್ತಿಲ್ಲದ ಒಲೆಗಳಿಗೂ 2012ರ ಏಪ್ರಿಲಿನಿಂದ ಅದೇ ನಿಯಮ ಬಂತು. ನಮ್ಮ ಇಡ್ಲಿ ಹಿಟ್ಟು ಓವನ್ನಿನೊಳಗಿನ ಬಲ್ಬಿನ ಕಾವಿಗೆ ವರ್ಗವಾಯಿತು.

ಕೆಂಪಗೆ ಬೆಳಗುವ ಕಡ್ಡಿ

ಪೈಲಟ್ಟಿನ ಜಾಗಕ್ಕೆ ಬಂದದ್ದೇ ನಾವು ಬಗ್ಗಿ ನೋಡಿದಾಗ ಕಾಣುವ ಆ ಕೆಂಪು ವಸ್ತು, ಇಗ್ನೈಟರ್. ಅದು ಬಹುಮಟ್ಟಿಗೆ ಸಿಲಿಕಾನ್ ಕಾರ್ಬೈಡ್. ಎಡಿಸನ್ನನ ಬಳಿ ಕೆಲಸ ಮಾಡಿದ್ದ ಎಡ್ವರ್ಡ್ ಆಚೆಸನ್ 1891ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಕೃತಕ ವಜ್ರ ಮಾಡಲು ಹೋಗಿ ಪಡೆದ ವಸ್ತು. ಕಾರ್ಬೊರಂಡಮ್ ಎಂಬ ಅದರ ಇನ್ನೊಂದು ಹೆಸರು ಸಾಣೆ ಹಿಡಿಯುವವರಿಗೆಲ್ಲ ಗೊತ್ತು. ಅದರ ಮೂಲಕ ವಿದ್ಯುತ್ ಹರಿಸಿದರೆ ಗ್ಯಾಸನ್ನು ಹೊತ್ತಿಸುವಷ್ಟು ಕಾಯುತ್ತದೆ, ಆದರೂ ಕರಗುವುದಿಲ್ಲ.

ಇಲ್ಲಿಯ ಜಾಣ್ಮೆ ಇರುವುದು ಜೋಡಣೆಯಲ್ಲಿ. ಇಗ್ನೈಟರ್ ಮತ್ತು ಗ್ಯಾಸಿನ ಕವಾಟ ಒಂದೇ ತಂತಿಯಲ್ಲಿ ಒಂದರ ಹಿಂದೆ ಒಂದು ಕುಳಿತಿವೆ. ತಣ್ಣಗಿರುವಾಗ ಇಗ್ನೈಟರ್ ವಿದ್ಯುತ್ತನ್ನು ತಡೆಯುತ್ತದೆ. ಕಾದಂತೆ ತಡೆ ಕಡಿಮೆಯಾಗಿ ಹೆಚ್ಚು ವಿದ್ಯುತ್ ಹರಿಯುತ್ತದೆ. ಅದು ಒಂದು ಮಟ್ಟಕ್ಕೆ, ಚಪ್ಪಟೆ ಮಾದರಿಯ ಇಗ್ನೈಟರುಗಳಲ್ಲಿ 3.2ರಿಂದ 3.6 ಆಂಪಿಯರಿಗೆ, ಮುಟ್ಟಿದಾಗ ಕವಾಟದೊಳಗಿನ ಜೋಡಿಲೋಹದ ಪಟ್ಟಿ ಕಾದು ಬಾಗಿ ಗ್ಯಾಸಿಗೆ ದಾರಿ ಬಿಡುತ್ತದೆ. ಅಷ್ಟು ವಿದ್ಯುತ್ ಹರಿಯುತ್ತಿದೆ ಎಂದರೆ ಇಗ್ನೈಟರ್ ಸಾಕಷ್ಟು ಕಾದಿದೆ ಎಂದೇ ಅರ್ಥ. ಕಾವಲುಗಾರನೂ ಕಡ್ಡಿಯೂ ಒಂದೇ ಆದವು.

ವರ್ಷಗಳು ಕಳೆದಂತೆ ಇಗ್ನೈಟರ್ ಮುದಿಯಾಗುತ್ತದೆ, ಅದರ ತಡೆ ಹೆಚ್ಚುತ್ತದೆ. ಕೆಂಪಗೆ ಬೆಳಗುತ್ತದೆ, ಆದರೆ ಕವಾಟ ತೆರೆಯುವಷ್ಟು ವಿದ್ಯುತ್ ಹರಿಯುವುದಿಲ್ಲ. ಹಾಗಾಗಿಯೇ ‘ಬೆಳಗುತ್ತಿದೆ, ಇಗ್ನೈಟರ್ ಸರಿಯಿದೆ, ಕವಾಟ ಕೆಟ್ಟಿರಬೇಕು’ ಎಂಬ ತರ್ಕ ಅನೇಕ ಮನೆಗಳಲ್ಲಿ ವೃಥಾ ಖರ್ಚಿಗೆ ದಾರಿಯಾಗುತ್ತದೆ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಬೆಂಕಿ ಬರಬೇಕು. ತೊಂಬತ್ತು ಸೆಕೆಂಡು ಕಳೆದರೂ ಬರದಿದ್ದರೆ ಮೊದಲು ಶಂಕಿಸಬೇಕಾದದ್ದು ಬೆಳಗುತ್ತಿರುವ ಇಗ್ನೈಟರನ್ನೇ. ಅದು ಬೆಳಗುವುದೇ ಇಲ್ಲವೆಂದರೆ ಒಡೆದಿರಬಹುದು, ಅಥವಾ ಅದಕ್ಕೆ ವಿದ್ಯುತ್ ಬರುತ್ತಿಲ್ಲ. ಹೊತ್ತುವಾಗ ‘ಧಪ್’ ಎಂದರೆ ಗ್ಯಾಸ್ ಬಂದು ಬೆಂಕಿ ತಗಲುವುದು ತಡವಾಗುತ್ತಿದೆ: ಇಗ್ನೈಟರ್ ಸೊರಗಿದೆ, ಇಲ್ಲವೇ ಅದರ ಬಳಿಯ ಬರ್ನರ್ ರಂಧ್ರಗಳು ಕೊಳೆಯಿಂದ ಮುಚ್ಚಿವೆ. ಜ್ವಾಲೆ ನೀಲಿಯ ಬದಲು ಹಳದಿಯಾದರೆ ಗಾಳಿಯ ಬೆರಕೆ ಸರಿಯಿಲ್ಲ. ಚೆಲ್ಲಿದ್ದು ಅಂಟದಿರಲಿ ಎಂದು ಓವನ್ನಿನ ತಳಕ್ಕೆ ಹಾಸುವ ಅಲ್ಯುಮಿನಿಯಂ ಹಾಳೆ ಗಾಳಿಯ ದಾರಿಯನ್ನು ಮುಚ್ಚಬಲ್ಲದು. ಗ್ಯಾಸಿನ ವಾಸನೆ ಬಲವಾಗಿದ್ದರೆ ಇದಾವುದನ್ನೂ ಪರೀಕ್ಷಿಸುವ ಹೊತ್ತಲ್ಲ. ಸ್ವಿಚ್ಚು ಮುಟ್ಟದೆ, ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋಗಿ, ಅಲ್ಲಿಂದ ಫೋನು ಮಾಡಬೇಕು.

ಸ್ಯಾಂಡಿಯ ವಾರ

ವಿದ್ಯುತ್ತಿಗೆ ಕಾವಲು ಒಪ್ಪಿಸಿದ್ದಕ್ಕೂ ಒಂದು ಬೆಲೆಯಿದೆ. 2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತ ನ್ಯೂಜೆರ್ಸಿಗೆ ಅಪ್ಪಳಿಸಿದಾಗ ನಮ್ಮ ಬೀದಿಗೆ ದಿನಗಟ್ಟಲೆ ಕರೆಂಟಿರಲಿಲ್ಲ, ಗ್ಯಾಸಿತ್ತು. ಒಲೆಯ ಮೇಲ್ಭಾಗವನ್ನು ಬೆಂಕಿಕಡ್ಡಿಯಿಂದ ಹೊತ್ತಿಸಿದೆವು. ಪೂರ್ತಿ ವಿದ್ಯುತ್ ಒಲೆಯಿದ್ದ ಪಕ್ಕದ ಮನೆಯವರು ಮಗುವಿನ ಹಾಲು ಕಾಯಿಸಲು ನಮ್ಮಲ್ಲಿಗೆ ಬಂದರು. ಎರಡನೆಯ ದಿನ ಅವರೇ ಒಂದು ಟ್ರೇ ಲಸಾನ್ಯ ತಂದು, ಫ್ರೀಜರಿನಲ್ಲಿ ಕರಗುತ್ತಿದೆ, ಓವನ್ನಿನಲ್ಲಿ ಬೇಯಿಸಬಹುದೇ ಎಂದರು. ಆಗಲಿಲ್ಲ. ಇಗ್ನೈಟರಿಗೆ ವಿದ್ಯುತ್ತಿಲ್ಲ, ಹಾಗಾಗಿ ಕವಾಟ ತೆರೆಯುವುದಿಲ್ಲ. ಕಡ್ಡಿ ಗೀರಿ ಹಿಡಿದರೂ ಹೊತ್ತಲು ಗ್ಯಾಸೇ ಬರುವುದಿಲ್ಲ. ಕೊನೆಗೆ ಬಾಣಲೆಗೆ ಸುರಿದು, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದೆವು. ಪೈಲಟ್ಟಿನ ಹಳೆಯ ಓವನ್ ಆಗಿದ್ದರೆ ಆ ವಾರ ಉರಿಯುತ್ತಿತ್ತು. ಆದರೆ ಕತ್ತಲ ಮನೆಯಲ್ಲಿ ಯಾರ ಗಮನಕ್ಕೂ ಬಾರದೆ ಗ್ಯಾಸ್ ತುಂಬದಂತೆ ನೋಡಿಕೊಂಡದ್ದೂ ಅದೇ ಮುಚ್ಚಿದ ಕವಾಟ.

ಊರಿನ ಕಡೆ ಈ ಕಥೆ ಬೇರೆ ದಾರಿ ಹಿಡಿಯಿತು. ಭಾರತದಲ್ಲಿ ಅಡುಗೆ ಅನಿಲ ಸಿಲಿಂಡರಿನಲ್ಲಿ ಬಂತು. ಇಂಡೇನ್ ಶುರುವಾದದ್ದು 1965ರಲ್ಲಿ. ಅಲ್ಲಿ ಪೈಲಟ್ ಬೇರೂರಲಿಲ್ಲ. ಬೆಂಕಿಪೊಟ್ಟಣದ ನಂತರ ನೇರವಾಗಿ ‘ಟಕ್ ಟಕ್’ ಲೈಟರ್ ಬಂತು. ಹರಳಿನ ಮೇಲೆ ಒತ್ತಡ ಬಿದ್ದಾಗ ವಿದ್ಯುತ್ ಹುಟ್ಟುತ್ತದೆ ಎಂದು ಕ್ಯೂರಿ ಸೋದರರು 1880ರಲ್ಲಿ ತೋರಿಸಿದ ಗುಣವೇ ಅದರ ಜೀವ. ಅಮೆರಿಕಕ್ಕೆ ಬರುವ ಎಷ್ಟೋ ಅಮ್ಮಂದಿರ ಸೂಟ್‌ಕೇಸಿನಲ್ಲಿ ಈ ಲೈಟರ್ ಇರುತ್ತದೆ, ಸ್ಯಾಂಡಿಯ ನಂತರ ಅದನ್ನು ಕಂಡು ನಗುವುದನ್ನು ನಾನು ಬಿಟ್ಟಿದ್ದೇನೆ. ಒಂದು ವ್ಯತ್ಯಾಸ ಮಾತ್ರ ಎರಡೂ ಕಡೆ ಬಾಳುವವರು ನೆನಪಿಡಬೇಕು: ಇಲ್ಲಿಯ ಕೊಳವೆಯ ಗ್ಯಾಸ್ ಗಾಳಿಗಿಂತ ಹಗುರ, ಮೇಲೇರುತ್ತದೆ, ಅಲ್ಲಿಯ ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ಕೂರುತ್ತದೆ.

ಈಗ ಬೆಂಗಳೂರಿನ ಕೆಲವು ಬಡಾವಣೆಗಳಿಗೆ ಕೊಳವೆಯಲ್ಲಿ ನೈಸರ್ಗಿಕ ಅನಿಲ ಹರಿಯುತ್ತಿದೆ. ಇಲ್ಲಿ ಗಾಳಿ ಅದರ ವಿರುದ್ಧ ತಿರುಗಿದೆ. 2019ರಲ್ಲಿ ಬರ್ಕ್ಲಿ ನಗರ ಹೊಸ ಕಟ್ಟಡಗಳಿಗೆ ಗ್ಯಾಸ್ ಕೊಳವೆ ಬೇಡವೆಂದಿತು, 2023ರಲ್ಲಿ ನ್ಯಾಯಾಲಯ ಆ ನಿಯಮವನ್ನು ತಳ್ಳಿಹಾಕಿತು. ಅದೇ ವರ್ಷ ನ್ಯೂಯಾರ್ಕ್ ರಾಜ್ಯ ಹೊಸ ಕಟ್ಟಡಗಳನ್ನು ವಿದ್ಯುತ್ತಿಗೇ ಒಗ್ಗಿಸುವ ಕಾನೂನು ಮಾಡಿತು. ನಮ್ಮ ಮೊಮ್ಮಕ್ಕಳ ಅಡುಗೆಮನೆಯಲ್ಲಿ ಜ್ವಾಲೆಯೇ ಇಲ್ಲದಿರಬಹುದು. ಅಲ್ಲಿಯವರೆಗೆ ನಮ್ಮ ಓವನ್ನುಗಳು ಆಗಾಗ ಹೊತ್ತಲು ಹಿಂದೇಟು ಹಾಕುತ್ತಿರುತ್ತವೆ. ಹಾಗಾದಾಗ ಅದನ್ನು ಬೈಯುವ ಮೊದಲು ಗಡಿಯಾರ ನೋಡಿ ತೊಂಬತ್ತು ಸೆಕೆಂಡು ಎಣಿಸಿ. ಬೆಂಕಿ ಬಾರದಿದ್ದರೆ ಆರಿಸಿ, ಕಿಟಕಿ ತೆರೆದು, ರಿಪೇರಿಯವರನ್ನು ಕರೆಯಿರಿ. ಕವಾಟ ಮುಚ್ಚಿಯೇ ಇದ್ದಿದ್ದರೆ ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ.